ಟೊಂಕದ ಮ್ಯಾಲ ಕೈ

ಮೊದಲ ಗೊತ್ತಾಗಿದ್ದು ಚಪ್ಪಲಿಯಿಂದ.
ಮಂಡಈ ದಾಟಿ ನಾಕು ಹೆಜ್ಜಿ ಬಂದಿದ್ದೆ,
ಹಿಂದಿನಿಂದ ಕೊತ್ತಂಬರಿಯವ ಕೂಗಿದ:
'ಓ ಮಾವಶಿ, ಚಪ್ಪಲ್!'
ತಿರುಗಿ ನೋಡಿದ್ರ ಎಡಗಾಲಿಂದು ರಸ್ತೆದಾಗ ಬಿದ್ದೈತಿ,
ಬಾಯಿ ತಕ್ಕೊಂಡು.
ಕಾಲಿಗೆ ಸುದ್ದಿನ ಇಲ್ಲ.
ಅವತ್ತಿನಿಂದ ಅದಕ್ಕ ಲಂಗದ ಹಳೇ ಲಾಡಿ ಕಟ್ಟೀನಿ,
ಕೂಸಿನ ಬೂಟಿಗೆ ಕಟ್ಟಿದಂಗ.

ನೋವು ಅದಕ್ಕೂ ಮೊದಲಿಂದು.
ನಮ್ಮವ್ವಗ ನಾನ ಕಡೇ ಮಗಳು,
ನನ್ನ ಬೆನ್ನಿಗೆ ಬಿದ್ದವರು ಯಾರೂ ಇರಲಿಲ್ಲ.
ನಲವತ್ತೊಂದಕ್ಕ ಇದು ಬಿತ್ತು,
ಹಟಮಾರಿ ತಮ್ಮನಂಗ,
ಎಲ್ಲಿ ಹೊಂಟ್ರೂ ನಾನೂ ಬರ್ತೀನಿ ಅಂತ.

ಸುಲಭಾಕಾಕುನ ಪೋಳಿ-ಭಾಜಿ ಅಂಗಡ್ಯಾಗ
ದಿನಕ್ಕ ನಾನೂರು ಚಪಾತಿ.
ಲಟ್ಟಣಿಗಿ ಮುಂದ ಹೋದಾಗ ಒಂದು ಚಳಕು,
ಹಿಂದ ಬಂದಾಗ ಒಂದು.
ಇನ್ನೂರು ದಾಟಿದ ಮ್ಯಾಲ
ಚಪಾತಿ ಎಷ್ಟು, ಚಳಕು ಎಷ್ಟು, ಲೆಕ್ಕ ತಪ್ಪತೈತಿ.
ಕಾಕು ಕೆಟ್ಟಾಕಿ ಅಲ್ಲ,
ಕೂಡಾಕ ಒಂದು ಎಣ್ಣಿ ಡಬ್ಬಿ ಕೊಟ್ಟಾಳ.
ಕೂತ್ರ ಕಾಲು ಸಾಯತೈತಿ, ನಿಂತ್ರ ಬೆನ್ನು.
ಒಂದನ್ನ ಸಾಯಾಕ ಬಿಟ್ಟು
ಇನ್ನೊಂದರ ಮ್ಯಾಲ ದುಡೀತೀನಿ, ಪಾಳಿ ಮ್ಯಾಲ.

ಸರ್ಕಾರಿ ದವಾಖಾನಿ. ನಸಕಿನ ಆರಕ್ಕ ಸಾಲು.
ಕಿಡಕ್ಯಾಗಿನ ಹುಡುಗ ರೇಷನ್ ಕಾರ್ಡು
ತಿರುವಿ ಮುರುವಿ ನೋಡಿ,
'ಹೇ ತರ್ ಕರ್ನಾಟಕಾಚಂ' ಅಂದ.
ಹೌದಪ್ಪಾ. ಕಾರ್ಡು ತಿಕೋಟಾದ್ದು, ಬೆನ್ನು ಪುಣೇದ್ದು.
ಹದಿನೆಂಟು ವರ್ಷ ಈ ಊರಿನ ಹಿಟ್ಟು ನಾದಿದ ಬೆನ್ನು.
ವಿಮಾ ಐತೇನು ಅಂದ.
ವಿಮಾನ ಐತೇನು ಅಂದಂಗ ಕೇಳಿಸ್ತು.
ಎರಡೂ ಇಲ್ಲ ಅಂದೆ.

ರಕ್ತದಾಗ ಏನೂ ಇಲ್ಲ.
ಎಕ್ಸರೇದಾಗ ಏನೂ ಇಲ್ಲ.
ಡಾಕ್ಟರು ಅದನ್ನ ಬೆಳಕಿಗೆ ಹಿಡಿದು 'ನಾರ್ಮಲ್' ಅಂದ್ರು,
ಪಾಸಾದ ಹುಡುಗಿಗೆ ಹೇಳಿದಂಗ.
ಎಮ್ಮಾರೈ ಮಾಡಿಸಿದ್ರ ತಿಳೀಬಹುದು,
ಹೊರಗ ಏಳು ಸಾವಿರ,
ಇಲ್ಲಿ ಅಂದ್ರ ದೀಪಾವಳಿ ಆದ ಮ್ಯಾಲ ಬಾ.
ಬಸ್ಸಿನಾಗ ಬೆರಳು ಮಡಚಿದೆ. ಚಪಾತಿಗೆ ಒಂದೂಕಾಲು ರೂಪಾಯಿ,
ಐದು ಸಾವಿರದ ಆರನೂರು ಲಟ್ಟಿಸಬೇಕು
ಬೆನ್ನಿಗೆ ಏನಾಗೈತಿ ಅಂತ ನೋಡಾಕ.

ಖರೇ ಹೇಳ್ತೀನಿ,
ಎಲ್ಲಾರ ಒಂದು ಸೀಳು ಕಂಡಿದ್ರ ಚಲೋ ಇತ್ತು,
ಕೂದಲೆಳಿಯಷ್ಟು.
ಸೋಗು ಹಾಕ್ತಾಳ ಅನ್ನೋ ನಾದಿನಿಗೆ ತೋರಸ್ತಿದ್ದೆ.

ಆ ಎಕ್ಸರೇ ಒಡದ ಗಾಜಿಗೆ ಅಂಟಿಸೀನಿ.
ಮುಂಜಾನಿ ಬಿಸಲು ನನ್ನ ಮಣಕ್ಯಾಗ ಹಾದು
ಹಿಟ್ಟಿನ ಡಬ್ಬಿ ಮ್ಯಾಲ ಬೀಳತೈತಿ.
ಬಾಜೂಮನಿ ಜರೀನಾಬಿ ನೋಡಿ ಅಂದ್ಲು:
'ಎಷ್ಟು ನೀಟ ಐತಿ ನೋಡ ನಿನ್ನ ಬೆನ್ನು!'
ನಕ್ಕೆ. ನಕ್ಕಿದ್ದೂ ಹಿಡೀತು.

ರಾತ್ರಿ ಮಂದಾ ಸೂಜಿ ತಂದ್ಲು.
ಸಾಲ್ಯಾಗ ನರದ ಪಾಠ ಆಗೈತಂತ.
'ಕಣ್ಣು ಮುಚ್ಚು ಅವ್ವಾ. ಚುಚ್ಚಿದಾಗ ಹೇಳು.'
ಕಾದೆ.
ನಳದ ಹನಿ ಬಕೀಟಿನಾಗ ಬೀಳೋದು ಕೇಳಿಸ್ತು,
ಆಕಿ ಉಸಿರು ಹಿಡದಿದ್ದು ಕೇಳಿಸ್ತು.
ಇಷ್ಟೊತ್ತಿಗೆ ಚುಚ್ಚಿರಬೇಕು ಅಂತ
'ಹೂಂ, ಚುಚ್ಚಿದಿ' ಅಂದೆ.
ಕಣ್ಣು ತಗದ್ರ
ಸೂಜಿ ಇನ್ನೂ ಆಕಿ ತೋಳಿನ ಅರಿವ್ಯಾಗ ಸಿಕ್ಕಿಸಿದಂಗ ಇತ್ತು.
ಆಕಿ ಏನೂ ಅನ್ನಲಿಲ್ಲ.
ನನ್ನ ಹಿಮ್ಮಡ ತೊಡಿ ಮ್ಯಾಲ ಇಟಗೊಂಡು
ತಿಕ್ಕಾಕ ಹತ್ತಿದ್ಲು, ಬಾಳ ಹೊತ್ತು,
ಕೈ ಅಲ್ಲಿ ಐತಿ ಅನ್ನೋದು ನಾನು ಕಣ್ಣಿನಿಂದ ತಿಳಕೊಂಡೆ.

ನಾಳೆ ಏಕಾದಶಿ. ಅರ್ಧ ಪುಣೆ ಉಪಾಸ.
ಇನ್ನೂರು ಚಪಾತಿ ಸಾಕು ಅಂದಾಳ ಕಾಕು.
ಬೆನ್ನಿಗೆ ಅರ್ಧ ದಿನ ರಜಾ, ಪಗಾರಕ್ಕೂ.
ಗ್ವಾಡಿ ಮ್ಯಾಲ ಕ್ಯಾಲೆಂಡರಿನ ವಿಠ್ಠಲ,
ಇಟ್ಟಂಗಿ ಮ್ಯಾಲ ನಿಂತಾಂವ ನಿಂತೇ ಅದಾನ
ಟೊಂಕದ ಮ್ಯಾಲ ಎರಡೂ ಕೈ ಇಟಗೊಂಡು,
ನಾನೂರನೇದ್ದು ಮುಗಿಸಿ ನಾನು ನಿಲ್ಲೋ ಹಂಗ.
ನೀನೂ ಆ ಕಡೆಯಾಂವ ಅಂತಾರಲ್ಲೋ,
ಕಾರ್ಡು ಯಾರರ ಕೇಳಿದ್ರೇನು?
ಎಲ್ಲಿ ನೋಯತೈತಿ ಅಂತರ ಕೇಳಿದ್ರೇನು?