ಇಳಿತಕ್ಕೆ ಕಾದದ್ದು

ಮೂವತ್ತೊಂದು ವರ್ಷ ಸೇತುವೆ ಎತ್ತಿದವಳು ನಾನು.
ಕೆರೊಲಿನಾದ ಕಟ್ಲರ್ ಕ್ರೀಕಿನ ಮೇಲೆ, ಕಬ್ಬಿಣದ ಗೂಡಿನಲ್ಲಿ
ಒಂದು ಸ್ಟೂಲು, ಒಂದು ಹೀಟರು, ದುರ್ಬೀನು, ದಪ್ಪ ಲೆಡ್ಜರು.
ರೇಡಿಯೋದಲ್ಲಿ ಕೂಗು ಬಂದರೆ ಗಂಟೆ ಬಾರಿಸಿ
ಕಾರುಗಳ ಮುಂದೆ ಅಡ್ಡಗೋಲು ಇಳಿಸಿ
ಗುಂಡಿ ಒತ್ತುವೆ. ರಸ್ತೆಯೇ ಎದ್ದು ನಿಲ್ಲುತ್ತಿತ್ತು,
ಹಿಂಗಾಲು ಮೊದಲೂರಿ ಏಳುವ ಮುದಿ ಹಸುವಿನ ಹಾಗೆ,
ಒಂದೊಂದೇ ಕೀಲು ನರಳುತ್ತ.

ಹೋದ ದೋಣಿಯ ಹೆಸರು, ಗಂಟೆ, ನಿಮಿಷ, ದಿಕ್ಕು
ಬರೆದಿಟ್ಟೆ. ಉತ್ತರಕ್ಕೆ. ದಕ್ಷಿಣಕ್ಕೆ.
ನಿಂತಲ್ಲೇ ನಿಂತವರಿಗೆ ಅದರಲ್ಲಿ ಕಾಲಂ ಇರಲಿಲ್ಲ.

ನಿವೃತ್ತಿಯ ದುಡ್ಡಿಗೆ ಸಿಕ್ಕಿದ್ದು ಇಪ್ಪತ್ತೆಂಟಡಿಯ
ಹಳೇ ಸೀಗಡಿ ದೋಣಿ; ಎಂಜಿನ್ನಿಗೆ ನನ್ನಷ್ಟೇ ಕೆಮ್ಮು.
ಹೆಸರಿಟ್ಟೆ: ‘ಸೆಕೆಂಡ್ ಶಿಫ್ಟ್’.
ನಾದಿನಿ ನೇಡೀನ್ ಹತ್ತಿದಳು,
ಅವಳ ತಾಮ್ರದ ಕೆಟಲ್ಲೂ ಹತ್ತಿತು.

ಕರಾವಳಿಯ ಒಳನೀರು ಹಿಡಿದು ಬಡಗಕ್ಕೆ, ಹಡ್ಸನ್ ನದಿ,
ಈರಿ ಕಾಲುವೆಯ ಲಾಕುಗಳಲ್ಲಿ
ಲೋಳೆಗೋಡೆಯ ಹಗ್ಗಕ್ಕೆ ಜೋತು
ತೊಟ್ಟಿಯ ಕಪ್ಪೆಗಳಂತೆ ಮೇಲೇರಿದೆವು.
ಅಲ್ಲಿನ ಗೇಟಿನವನು ಕೈ ಬೀಸಿದ.
ನಾನು ಗಡಿಯಾರ ನೋಡಿದೆ: ಎರಡು ನಿಮಿಷ ತಡ.

ಸಮುದ್ರದಂಥ ಕೆರೆಗಳು. ಮಿಶಿಗನ್ನಿನಲ್ಲಿ ಮೂರು ದಿನ
ಗಾಳಿ ಇಳಿಯಲೆಂದು ಇಸ್ಪೀಟಾಡಿದೆವು, ಜಗಳಾಡಿದೆವು.
ಇಲಿನಾಯ್ ನದಿಯಲ್ಲಿ ಎಂಜಿನ್ ಸದ್ದಿಗೆ ಬೆದರಿ
ಕಾರ್ಪ್ ಮೀನೊಂದು ಹಾರಿ ಬಂದು
ನೇಡೀನಳ ಮೊಣಕಾಲಿಗೇ ಬಡಿಯಿತು.
ನಕ್ಕೆ. ನಗಬಾರದಿತ್ತು.
ಪಡೂಕಾದಲ್ಲಿ ಅವಳು ಬಸ್ಸು ಹತ್ತಿದಳು.
ಕೆಟಲ್ ಉಳಿಯಿತು.

ಅಲ್ಲಿಂದಾಚೆ ಒಬ್ಬಳೇ. ಟೆನೆಸ್ಸಿ, ಟಾಂಬಿಗ್ಬಿ, ಮೊಬೀಲಿನ ಮಂಜು.
ಕೊಲ್ಲಿ ದಾಟಿದ ರಾತ್ರಿಯ ಮಾತು ಕೇಳಬೇಡಿ:
ಹತ್ತೊಂಬತ್ತು ಗಂಟೆ ಒಂದು ಕೈಯಲ್ಲಿ ಚುಕ್ಕಾಣಿ,
ಇನ್ನೊಂದರಲ್ಲಿ ಬಕೆಟ್ಟು.
ಬೆಳಗಿಗೆ ನೆಲ ಕಂಡಾಗ ಅತ್ತೆನೆಂದು
ಹೇಳಿಕೊಳ್ಳುವವಳಲ್ಲ ನಾನು. ಚಹಾ ಕಾಸಿದೆ.
ಎರಡು ಲೋಟಕ್ಕೆ ಹೊಯ್ದಿದ್ದೆ.

ಹದಿಮೂರು ತಿಂಗಳು, ಆರು ಸಾವಿರ ಮೈಲಿ.
ಇವತ್ತು ಮಧ್ಯಾಹ್ನ ಜೌಗುಹುಲ್ಲಿನ ಆಚೆ
ನನ್ನ ಸೇತುವೆ.
ಈ ಸುತ್ತು ಮುಗಿಸಿದವರು ಹೇಳುವುದುಂಟು:
ಹೊರಟ ದಿನದ ನಿನ್ನ ನೊರೆಗೆರೆಯನ್ನು
ನೀನೇ ದಾಟುತ್ತೀಯ, ನೋಡು, ಎಂದು.
ಬಗ್ಗಿ ನೋಡಿದೆ. ನೀರು ಏನನ್ನೂ ಬರೆದುಕೊಂಡಿರಲಿಲ್ಲ.
ಹೋದ ಪುಟ್ಟ ಬಂದ ಪುಟ್ಟ ಎಂಬಂತೆ
ಗೂಟದ ಮೇಲೊಂದು ಪೆಲಿಕನ್ ಮೋರೆ ತಿರುವಿತು.

‘ಮಿಸ್ ಅರ್ಲೀನ್!’ ರೇಡಿಯೋದಲ್ಲಿ ಟ್ರೆವಾನ್,
ನಾನೇ ಕಲಿಸಿ ಕೂರಿಸಿದ ಹುಡುಗ.
‘ಎತ್ತಲೇನು? ಪೂರ್ತಿ ಎತ್ತುತ್ತೇನೆ, ಆಕಾಶ ಮುಟ್ಟಲಿ!
ಕಾಯಲಿ ಕಾರುಗಳು ಒಂದು ದಿನ!’

ಕಂಬದ ಮೇಲಿನ ಅಂಕಿ ನೋಡಿದೆ.
ಆ ಬಿಳಿ ಬಣ್ಣ ಹೊಡೆದವಳೂ ನಾನೇ.
ಹನ್ನೆರಡಡಿ. ಆಂಟೆನಾ ಮಡಚಿದರೂ ನನ್ನ ದೋಣಿ ಹನ್ನೆರಡೂವರೆ.
ಇಳಿತ ಇನ್ನೂ ಮುಗಿದಿಲ್ಲ.
ಒಂದಿಷ್ಟು ನೀರು ಇಳಿಯುವವರೆಗೆ ತಡೆಯಲಾರದೆ
ತೆರೆ, ತೆರೆ ಎಂದು ಕೂಗಿದ
ಎಷ್ಟು ಕಪ್ತಾನರ ಮೇಲೆ ರೇಗಿದ್ದೆ ಆ ಗೂಡಿನಿಂದ!
‘ಬೇಡ ಮಗಾ. ನಿಯಮ ಗೊತ್ತಲ್ಲ.’

ನಲವತ್ತು ನಿಮಿಷ ಅಲ್ಲೇ ಸುತ್ತಿದೆ,
ಆರು ಸಾವಿರದ ಮೇಲೆ ಇನ್ನೊಂದೆರಡು ಮೈಲಿ.
ಕಂಬಕ್ಕಂಟಿದ ಚಿಪ್ಪುಗಳು ಸಾಲುಸಾಲಾಗಿ
ನೀರಿನಿಂದ ಹೊರಬಂದವು.
ಹದಿಮೂರು.

ಧ್ವಜದ ಕೋಲು ಕಳಚಿ, ಆಂಟೆನಾ ಮಲಗಿಸಿ,
ಬೇಕಿಲ್ಲದಿದ್ದರೂ ತಲೆ ತಗ್ಗಿಸಿ, ನುಗ್ಗಿಸಿದೆ.
ಮೂವತ್ತೊಂದು ವರ್ಷ ಕಾಲಡಿಯಿದ್ದದ್ದು ಈಗ ನೆತ್ತಿಯ ಮೇಲೆ:
ತುಕ್ಕು, ಗ್ರೀಸು, ಪಾರಿವಾಳದ ಗೂಡು,
ಹಲ್ಲುಚಕ್ರಗಳ ಬಾಯಿ.
ಜಾಲರಿಯ ಮೇಲೆ ಲಾರಿಯೊಂದು ಗುಡುಗಿ ಹೋಯಿತು.
ಯಾರೂ ನಿಲ್ಲಲಿಲ್ಲ. ಯಾರಿಗೂ ತಡವಾಗಲಿಲ್ಲ.

ಕೆಳಗೆ ನುಸುಳಿದ ದೋಣಿಗಳನ್ನು ಲೆಡ್ಜರಿನಲ್ಲಿ ಬರೆಯುವುದಿಲ್ಲ.
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಆದರೂ ಆಚೆ ದಾಟಿ ಗೂಡಿನತ್ತ ತಿರುಗಿದೆ.
ಕಿಟಕಿಯಲ್ಲಿ ಟ್ರೆವಾನನ ತಲೆ ಬಗ್ಗಿತ್ತು.
ಏನು ಮಾಡುತ್ತಿದ್ದನೋ, ಕೇಳಲಿಲ್ಲ.

ನಾಳೆ ನೇಡೀನಳ ಮನೆಗೆ ಹೋಗಬೇಕು.
ಕೆಟಲ್ಲಿನ ತಳ ಮಸಿ ಹಿಡಿದಿದೆ;
ಉಪ್ಪು, ನಿಂಬೆ ಹಾಕಿ
ಇವತ್ತೇ ಉಜ್ಜಿಡಬೇಕು.