ಬೈ

ಹದಿನೇಳು ಮಂದಿ.
ಎರಡು ಸಲ ತಲೆ ಎಣಿಸಿದೆ. ಮೂರನೇ ಸಲ
ಬಾಗಿಲ ಬಳಿಯ ಚಪ್ಪಲಿ ಎಣಿಸಿ, ನನ್ನ ಜೋಡಿ ಕಳೆದು,
ಎರಡರಿಂದ ಭಾಗಿಸಿದೆ.
ಹದಿನೇಳೇ.

ಅರಸೀಕೆರೆಯ ಇದೇ ಹಾಲಿನಲ್ಲಿ ಒಂದು ಕಾಲಕ್ಕೆ
ಬೋರ್ಡುಗಳು ಬಾಗಿಲು ದಾಟಿ ಸೈಕಲ್ ಸ್ಟ್ಯಾಂಡಿಗೆ ಇಳಿದಿದ್ದವು.
ಕೊನೆಯ ನಾಲ್ಕು ಜೋಡಿ ಆಡಿದ್ದು
ಕೊಬ್ಬರಿ ಮಂಡಿಯವರು ಕೊಟ್ಟ ಗೋಣಿಚೀಲದ ಮೇಲೆ.
ಬೀರೂರಿನ ಗಾಡಿ ತಡವಾದರೆ ಮೊದಲ ಸುತ್ತನ್ನೇ
ಅರ್ಧ ಗಂಟೆ ತಡೆದು ಕಾಯುತ್ತಿದ್ದೆವು.
ಈಗ ಗಾಡಿ ಸರಿಯಾದ ಹೊತ್ತಿಗೇ ಬರುತ್ತದೆ.
ಯಾರೂ ಇಳಿಯುವುದಿಲ್ಲ.

ಒಂದು ಸೆಟ್ಟಿನಲ್ಲಿ ಕಪ್ಪು ಆನೆ ಕಳೆದುಹೋಗಿದೆ.
ಅದರ ಜಾಗಕ್ಕೆ ಅಂಟಿನ ಬಾಟಲಿಯ ಮುಚ್ಚಳ.
ಹತ್ತು ವರ್ಷದಿಂದ ಅದೂ ಪಾಪ
ಆನೆಯ ಹಾಗೇ ನೆಟ್ಟಗೆ ನಡೆಯುತ್ತಿದೆ.
ಟ್ರೋಫಿಗಳು ಕಳೆದ ಸಲ ಉಳಿದವು, ಇಸವಿಯ ಮೇಲೆ
ಸ್ಟಿಕರ್ ಅಂಟಿಸಿದ್ದೇನೆ.

ಬಿಟ್ಟುಹೋದವರ ಮೇಲೆ ಸಿಟ್ಟಿಲ್ಲ.
ಫೋನು ಮಾಡಿದರೆ ತಾಯಂದಿರು ಮೆತ್ತಗೆ ಹೇಳುತ್ತಾರೆ:
"ಇನ್ನು ಟೆಂತು ಬಂದೇಬಿಡ್ತಲ್ಲ ಸಾರ್."
ಹುಡುಗ ಏಳನೇ ಕ್ಲಾಸು.
"ಮೊಬೈಲಲ್ಲೇ ಆಡ್ತಾನೆ ಬಿಡಿ, ರಾತ್ರಿಯೆಲ್ಲ,
ಯಾವುದೋ ದೇಶದವನ ಜೊತೆ."
ಆಡಲಿ ತಾಯಿ.
ಆದರೆ ಆ ದೇಶದವನು ಸೋತಾಗ ಮೂಗು ಒರೆಸಿಕೊಳ್ಳುವುದು
ನಿಮ್ಮ ಮಗನಿಗೆ ಕಾಣುವುದಿಲ್ಲ.
ಗೆದ್ದವನ ಅಂಗೈಯೂ ಬೆವರಿರುತ್ತದೆ ಅನ್ನುವುದು
ಕೈ ಕುಲುಕದೆ ತಿಳಿಯುವುದಿಲ್ಲ.
ಇಷ್ಟು ಹೇಳುವಷ್ಟರಲ್ಲಿ
ಆ ಕಡೆ ಫೋನು ಇಟ್ಟಾಗಿರುತ್ತದೆ.

ಹದಿನೇಳು, ಬೆಸ ಸಂಖ್ಯೆ.
ಜೋಡಿ ಹಾಕಿ ಉಳಿದವಳು ತಸ್ಕೀನ್, ಬಾಣಾವರ, ಆರನೇ ಕ್ಲಾಸು.
ಮೊಟ್ಟೆ ಸಾಗಿಸುವ ಆಟೋದಲ್ಲಿ ಅಪ್ಪನ ಪಕ್ಕ ಕೂತು
ತೊಡೆಯ ಮೇಲೆ ಎರಡು ಟ್ರೇ ಹಿಡಿದು
ಒಂದೂ ಒಡೆಯದೆ ಬಂದವಳು.
ಅವಳ ಹೆಸರಿನ ಮುಂದೆ ಬರೆದೆ: ಬೈ. ಒಂದು ಅಂಕ.

ಮೇಜಿನ ಮುಂದೆ ಬಂದು ನಿಂತಳು.
"ಬೈ ಅಂತ ಬರ್ದಿದ್ದೀರ. ನಾನೇನ್ ತಪ್ಪು ಮಾಡ್ದೆ ಸಾರ್?"
ಬೈಗುಳ ಅಲ್ಲಮ್ಮ. ಎದುರಾಳಿ ಇಲ್ಲದವರಿಗೆ
ಬಿಟ್ಟಿ ಸಿಗುವ ಅಂಕ. ಆಡದೇ ಗೆದ್ದ ಹಾಗೆ.
"ಆಡ್ದೇ ಹೆಂಗ್ ಗೆಲ್ತಾರೆ?"
ಸ್ವಲ್ಪ ತಡೆದು,
"ಹೋಗು ಅಂತಾನಾ ಮತ್ತೆ? ಟಾಟಾ ಬೈಬೈ ಥರ?"
ನಿಯಮಾವಳಿಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ನಾನು ಡ್ರಾಯಿಂಗ್ ಮೇಷ್ಟ್ರು.
ಡ್ರಾ ಮಾಡೋದೇ ಇವರ ಕಸುಬು ಅಂತ
ಹಳೆಯ ಆಟಗಾರರು ನಗುತ್ತಿದ್ದರು.
ಇಪ್ಪತ್ತೆರಡು ವರ್ಷ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿ ಓಡಾಡಿ
"ಮುಟ್ಟಿದ ಕಾಯಿ ನಡೆಸಲೇಬೇಕು" ಅಂದಿದ್ದೇನೆ ಹೊರತು
ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ.
ಒಂಬತ್ತನೇ ಬೋರ್ಡು ಹಾಸಿದೆ,
ಮುಚ್ಚಳದಾನೆಯನ್ನು ನನ್ನ ಕಡೆಗೆ ಇಟ್ಟುಕೊಂಡೆ.
ಲೆಕ್ಕಕ್ಕಿಲ್ಲದ ಆಟ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಹದಿನಾಲ್ಕನೇ ನಡೆಗೆ ಕುದುರೆಯ ಮೇಲೆ ಬೆರಳಿಟ್ಟೆ.
ಇಟ್ಟ ಮೇಲೆ ಕಂಡಿತು, ಅದು ಕದಲಿದರೆ
ನನ್ನ ಮಂತ್ರಿ ಬಟ್ಟಬಯಲು.
ಮೆಲ್ಲಗೆ ಕೈ ಹಿಂದಕ್ಕೆಳೆದೆ.
ಅವಳು ಬೋರ್ಡು ನೋಡುತ್ತಿರಲಿಲ್ಲ,
ನನ್ನ ಬೆರಳು ನೋಡುತ್ತಿದ್ದಳು.
"ಮುಟ್ಟಿದ್ರಿ."

ಎಂಟು ಬೋರ್ಡುಗಳಿಂದ ಹದಿನಾರು ಮುಖ ತಿರುಗಿದವು.
ಕುದುರೆ ನಡೆಸಿದೆ. ಮಂತ್ರಿ ಹೋಯಿತು.
ಸೋತು ಕೈ ಚಾಚಿದೆ. ಬೆವರಿತ್ತು,
ಅವಳದೋ ನನ್ನದೋ.

ಎರಡನೇ ಸುತ್ತಿನ ಪಟ್ಟಿಗೆ ಇನ್ನೂ ಅಂಟು ಹಚ್ಚಿರಲಿಲ್ಲ,
ಮೇಜು ಮುತ್ತಿಕೊಂಡರು:
"ಸಾರ್, ಈ ಸಲ ನಂಗೆ ಬೈರಿ."
"ಇಲ್ಲ ಸಾರ್, ನಂಗೆ!"

ಸಂಜೆ ಆಟೋದ ಹಿಂದೆ ಖಾಲಿ ಟ್ರೇಗಳ ಮಧ್ಯೆ ಕೂತು
ತಸ್ಕೀನ್ ಕೇಳಿದಳು, ಮತ್ತೆ ಯಾವಾಗ?
ಮುಂದಿನ ತಿಂಗಳು, ಎರಡನೇ ಭಾನುವಾರ, ಅಂದುಬಿಟ್ಟೆ.
ಹಾಲಿನವರನ್ನು ಕೇಳಿಲ್ಲ. ದುಡ್ಡಿಲ್ಲ.
ಸ್ಟಿಕರ್ ಅಂಟಿಸಲು ಟ್ರೋಫಿಯೂ ಉಳಿದಿಲ್ಲ.

ಮುಟ್ಟಿಬಿಟ್ಟಿದ್ದೇನೆ.
ನಡೆಸಬೇಕು.