ಹೆಡಕಿನ ಕೂದಲು

ಹಟ್ಟಿಯ ಗುಜರಿಯಲ್ಲಿ ಸಿಕ್ಕವಳು.
ಗಣಿ ಸಾಹೇಬರ ಬಂಗಲೆ ಖಾಲಿಯಾದಾಗ
ತೂತು ಕೆಟಲಿನ ಜೊತೆ, ಒಂಟಿ ಬೂಟಿನ ಜೊತೆ
ತೂಕಕ್ಕೆ ಬಂದವಳು.
ಗೇಣುದ್ದ. ಓರೆಗಣ್ಣು.
ಬಲಗೈ ಹೆಬ್ಬೆರಳಿಗೆ ಇಲಿ ಕಚ್ಚಿದ ಗುರುತು.
ಆದರೆ ಕೂದಲು!
ಕೆಂಡಕ್ಕೆ ಬೂದಿ ಕೂರುವ ಮುಂಚಿನ ಬಣ್ಣ.

ಈ ಲೆಕ್ಕ ನನಗೆ ಬಾಯಿಪಾಠ.
ಹೊಂಬಣ್ಣದವರು ರಾಶಿ ರಾಶಿ,
ಕಂದು ಜುಟ್ಟಿನವರು ಪೆಟ್ಟಿಗೆಗೊಂದು ಡಜನ್.
ಬೈತಲೆ ನಡುವಿಗಿದ್ದರೆ ಒಂದು ಬೆಲೆ,
ಓರೆಗಿದ್ದರೆ ಅದರ ಮೂರರಷ್ಟು.
ಕೆಂಪಿ ಮಾತ್ರ ನೂರಕ್ಕೊಬ್ಬಳು.
ಬಳ್ಳಾರಿಯ ನನ್ನ ಗಾಜಿನ ಕಪಾಟಿನಲ್ಲಿ
ನಲವತ್ತೇಳು ಬೊಂಬೆ,
ಹದಿನಾರು ವರ್ಷದಿಂದ ಒಂದು ಜಾಗ ಖಾಲಿ.
ಬಂದವರೆಲ್ಲ ಕೇಳುವುದು ಆ ಜಾಗವನ್ನೇ.

ಕೊಪ್ಪಳಕ್ಕೆ ಒಯ್ದೆ, ಭಾಗ್ಯನಗರಕ್ಕೆ,
ತಲೆ ತೊಳೆಸಲು, ಅಷ್ಟೇ.
ಅಲ್ಲಿ ಓಣಿಗೋಣಿಯೇ ಕೂದಲು.
ಯಾವ್ಯಾವುದೋ ಊರಿನ ಬಾಚಣಿಗೆಯಿಂದ ಉದುರಿ
ಸ್ಟೀಲ್ ಡಬ್ಬಿಗೆ, ಪಿನ್ನು ರಿಬ್ಬನ್ನಿಗೆ ಬದಲಾಗಿ ಬಂದದ್ದು
ಕಟ್ಟೆಯ ಮೇಲೆ ಗೋಜಲು ಗೋಜಲು.
ಮೌಲಾಬಿ ಮೊಳೆ ಹಲಗೆಗೆ ಸಿಕ್ಕಿಸಿ ಎಳೆದು
ಹತ್ತಿಂಚು, ಹನ್ನೆರಡು, ಹದಿನಾಲ್ಕು
ರಬ್ಬರು ಹಾಕಿ ಇಡುತ್ತಿದ್ದಳು.
ಬಿಳಿ ಬಂದರೆ ಬೇರೆ ಚೀಲ,
ಅದಕ್ಕೆ ಅರ್ಧ ದರ.

ಬೊಂಬೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡಳು
ಹೇನು ನೋಡುವ ಹಾಗೆ.
ಒಂದು ಪದರ ಎತ್ತಿದಳು. ಇನ್ನೊಂದು.
ಹೆಡಕಿನ ಹತ್ತಿರ ಬೆರಳು ನಿಂತಿತು.
'ಏನ್ ಕೊಟ್ರಿ ಇದಕ?'
ಹೇಳಿದೆ.
ನಗಲಿಲ್ಲ. ಅಯ್ಯೋ ಅನ್ನಲೂ ಇಲ್ಲ.
'ಕೆಂಪಿ ಅಲ್ರೀ ಈಕಿ.
ಇಲ್ಲಿ ನೋಡ್ರಿ, ಬಿಸಲು ಹೋಗದ ಜಾಗ.'

ಕಂದು.
ಪೆಟ್ಟಿಗೆಗೊಂದು ಡಜನಿನ ಕಂದು.

ಇಪ್ಪತ್ತೊಂಬತ್ತು ವರ್ಷ ಬ್ಯಾಂಕಿನ ಕ್ಯಾಷಿಯರ್ ನಾನು,
ಖೋಟಾ ನೋಟನ್ನು
ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಹಿಡಿದವನು.

'ಕಿಡಕ್ಯಾಗ ಕುಂದರಿಸಿದ್ರು ಅನಸ್ತದ ಯಾರೋ.
ಎಡಗಡೆ ಜಾಸ್ತಿ ಕೆಂಪದ ನೋಡ್ರಿ,
ಸಂಜೀ ಬಿಸಲು ಆ ಕಡೀಗೇ ಬಿದ್ದದ.
ಭಾಳ ವರ್ಷ.'

ಬಗ್ಗಿದಾಗ ಅವಳ ಸೆರಗು ಜಾರಿತ್ತು.
ಮೆಹಂದಿ ತಲೆ,
ಬೈತಲೆಯುದ್ದಕ್ಕೂ ಹೊಸದಾಗಿ ಹುಟ್ಟಿದ ಬಿಳಿ ಗೆರೆ.
ನಾನು ನೋಡಿದ್ದನ್ನು ನೋಡಿ
ಸೆರಗೆಳೆದುಕೊಂಡಳು.
'ತೊಳೀಲ್ಯೋ ಬ್ಯಾಡೋ?
ತೊಳದ್ರ ಹೋಗೂ ಬಣ್ಣ ಅಲ್ಲ ಇದು, ಅಂಜಬ್ಯಾಡ್ರಿ.'

ಕಿತ್ತು ಬಂದ ಒಂದೆಳೆಯನ್ನು
ಅಭ್ಯಾಸಬಲದಿಂದ ಹಲಗೆಗೆ ಹಿಡಿದಳು.
'ಐದಿಂಚು. ನಮ್ಮಲ್ಲಿ ನಡ್ಯಂಗಿಲ್ರಿ.'
ಕೊಟ್ಟ ಹತ್ತು ರೂಪಾಯಿ ಮುಟ್ಟಲಿಲ್ಲ.

ಬಸ್ಸಿನಲ್ಲಿ ಬಿಸಿಲು ನನ್ನ ಕಡೆಗೇ ಇತ್ತು.
ಮಡಿಲಲ್ಲಿ ಒದ್ದೆ ತಲೆ.
ಕರವಸ್ತ್ರ ಮುಚ್ಚಿದೆ.
ಯಾರ ಕಿಟಕಿ, ಎಷ್ಟು ಬೇಸಿಗೆ,
ಆ ಮಗು ಇವಳನ್ನು ಹೊರಗೆ ಮುಖಮಾಡಿ
ಏನು ನೋಡಲು ಕೂರಿಸಿತ್ತೋ.
ಗಿಣಿಗೇರಿ ದಾಟುವಾಗ
ಕರವಸ್ತ್ರ ತೆಗೆದೆ.